ಜ್ಯೂಸ್ ಗಮ್ಮಿಯ ಫಾರ್ವರ್ಡ್ ಸಂದೇಶ: ನಮ್ಮ ಕುಟುಂಬದ ಗುಂಪಿನಲ್ಲಿ ನಡೆದ ವಾದ

ಚಿಕ್ಕಮ್ಮ (ಫಾರ್ವರ್ಡ್ ಮಾಡಿದ ಸಂದೇಶ, ಜೊತೆಗೆ ಸಕ್ಕರೆಯಲ್ಲಿ ಹೊರಳಿಸಿದ ಕರಡಿ ಮರಿ ಆಕಾರದ ಗಮ್ಮಿಗಳ ಚಿತ್ರ): ಮಕ್ಕಳಿಗೆ ಇನ್ನು ಅಂಗಡಿಯ ಗಮ್ಮಿ (ಅಗಿದು ತಿನ್ನುವ ಮೆತ್ತನೆಯ ಮಿಠಾಯಿ) ಕೊಡಬೇಡಿ, ಮನೆಯಲ್ಲೇ ಮಾಡಿ! ಯಾವ ಹಣ್ಣಿನ ತಾಜಾ ರಸವಾದರೂ ಸರಿ, ಒಂದು ದೊಡ್ಡ ಲೋಟ ತೆಗೆದುಕೊಳ್ಳಿ. ಒಂದು ಟೀ ಚಮಚ ಜೆಲಾಟಿನ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ರಸಕ್ಕೆ ಬೆರೆಸಿ, ಅಚ್ಚಿಗೆ ಸುರಿಯಿರಿ. ರಸವನ್ನು ಬಿಸಿ ಮಾಡಲೇಬೇಡಿ, ಜೀವಸತ್ವ ನಾಶವಾಗುತ್ತದೆ. ಸಕ್ಕರೆ ಇಲ್ಲವೇ ಇಲ್ಲ, ಬಣ್ಣವೂ ಇಲ್ಲ, ಪ್ರೋಟೀನ್ ಭರಪೂರ, ಹಣ್ಣು ತಿಂದಷ್ಟೇ ಒಳ್ಳೆಯದು. ಡಬ್ಬಿಯಲ್ಲಿ ಹಾಕಿಟ್ಟರೆ ಒಂದು ತಿಂಗಳು ಕೆಡುವುದಿಲ್ಲ. ತಪ್ಪದೆ ಎಲ್ಲರಿಗೂ ಕಳುಹಿಸಿ.

ಅತ್ತಿಗೆ: ಚಿಕ್ಕಮ್ಮ, ಇದೇ ಸಂದೇಶ ನನಗೆ ಬೇರೊಂದು ಗುಂಪಿನಿಂದಲೂ ಬಂದಿತ್ತು. ಅನಾನಸ್ ಹಣ್ಣು ಮನೆಯಲ್ಲಿದ್ದುದರಿಂದ ಅದರ ರಸ ಹಿಂಡಿ, ಇಲ್ಲಿ ಬರೆದಿರುವಂತೆಯೇ ಮಾಡಿದೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೂ ಅದು ರಸವಾಗಿಯೇ ಉಳಿಯಿತು. ಪುಡಿ ಕಡಿಮೆಯಾಗಿರಬಹುದೆಂದು ಇಮ್ಮಡಿ ಹಾಕಿ ನೋಡಿದರೆ, ಅಚ್ಚನ್ನು ಓರೆ ಮಾಡಿದ ಕೂಡಲೇ ಮೂಲೆಯಿಂದ ಹಳದಿ ನೀರು ಸರಾಗವಾಗಿ ಹರಿದು ಬಂತು. ಪುಡಿಯೇ ಹಳೆಯದೆಂದು ಬೈದುಕೊಂಡು, ಅದೇ ಪೊಟ್ಟಣದಿಂದ ಅಷ್ಟೇ ಪುಡಿಯನ್ನು ಕಿತ್ತಳೆ ರಸಕ್ಕೆ ಹಾಕಿದೆ. ಅದು ಮಾತ್ರ ಹೆಪ್ಪುಗಟ್ಟಿತು. ಅದೂ ಗಮ್ಮಿಯಲ್ಲ, ಚಮಚ ತಾಗಿದರೆ ನಡುಗುವ ಜೆಲ್ಲಿ. ಇದಕ್ಕೆ ಕಾರಣ ಯಾರಿಗಾದರೂ ಗೊತ್ತಿದೆಯೇ?

ನಾನು: ಪುಡಿಯ ತಪ್ಪೂ ಇಲ್ಲ, ನಿಮ್ಮ ತಪ್ಪೂ ಇಲ್ಲ, "ಯಾವ ಹಣ್ಣಾದರೂ ಸರಿ" ಎಂದು ಬರೆದವರ ತಪ್ಪು. ಜೆಲಾಟಿನ್ ಎಂಬುದು ಪ್ರೋಟೀನ್. ಅದರ ಉದ್ದನೆಯ ಎಳೆಗಳು ತಣ್ಣಗಾಗುತ್ತಾ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ, ರಸ ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಹಸಿ ಅನಾನಸ್ಸಿನಲ್ಲಿರುವ ಬ್ರೊಮಿಲಿನ್ ಎಂಬ ಕಿಣ್ವಕ್ಕೆ ಪ್ರೋಟೀನಿನ ಎಳೆಗಳನ್ನು ಕತ್ತರಿಸುವುದೇ ಕೆಲಸವಾಗಿರುವುದರಿಂದ, ನೀವು ಎಷ್ಟು ಪುಡಿ ಸುರಿದರೂ ಅದು ಕತ್ತರಿಸುತ್ತಲೇ ಹೋಗುತ್ತದೆ. ಅನಾನಸ್ ಜಾಸ್ತಿ ತಿಂದಾಗ ನಾಲಿಗೆ ಚುರುಗುಟ್ಟುವುದಕ್ಕೂ ಈ ಕಿಣ್ವ ಒಂದು ಕಾರಣ. ಪರಂಗಿಯಲ್ಲಿ ಪಪೈನ್, ಕಿವಿ ಹಣ್ಣಿನಲ್ಲಿ ಆಕ್ಟಿನಿಡಿನ್, ಅಂಜೂರದಲ್ಲಿ ಫೈಸಿನ್ ಇವೆ, ಹಸಿ ಶುಂಠಿಯಲ್ಲೂ ಇಂಥದ್ದೇ ಒಂದು ಕಿಣ್ವವಿದೆ. ಈ ರಸಗಳನ್ನು ಕುದಿ ಬರುವವರೆಗೆ ಕಾಯಿಸಿ, ಕೆಲವು ನಿಮಿಷ ಹಾಗೆಯೇ ಕುದಿಯಲು ಬಿಟ್ಟು, ಸ್ವಲ್ಪ ಆರಿದ ಮೇಲೆ ಜೆಲಾಟಿನ್ ಬೆರೆಸಿದರೆ ಕಿಣ್ವ ಸತ್ತಿರುತ್ತದೆ, ಗಮ್ಮಿ ನಿಲ್ಲುತ್ತದೆ. ಡಬ್ಬಿಯಲ್ಲಿ ಬರುವ ಅನಾನಸ್ ರಸದಲ್ಲಿ ತೊಂದರೆ ಬಾರದಿರುವುದಕ್ಕೂ ಇದೇ ಕಾರಣ, ಅದನ್ನು ತುಂಬುವಾಗಲೇ ಕಾಯಿಸಿರುತ್ತಾರೆ.

ಚಿಕ್ಕಮ್ಮ: ಕುದಿಸಿದ ಮೇಲೆ ಅದನ್ನು ತಾಜಾ ರಸ ಎಂದು ಕರೆಯುವುದಾದರೂ ಹೇಗೆ? ಜೀವಸತ್ವ ಉಳಿಯಲಿ ಎಂದಲ್ಲವೇ ಇಷ್ಟೆಲ್ಲ ಪಾಡು? ಸಂದೇಶದಲ್ಲಿ ಆ ಮಾತನ್ನು ಸರಿಯಾಗಿಯೇ ಹೇಳಿದ್ದಾರೆ.

ನಾನು: ಅರ್ಧ ಸರಿ. ಸಿ ಜೀವಸತ್ವ ಬಿಸಿಗೆ ಒಂದಷ್ಟು ನಷ್ಟವಾಗುವುದು ನಿಜ. ಆದರೆ ಗಾಳಿ ತಾಗಿದರೂ ಅದು ಕಡಿಮೆಯಾಗುತ್ತದೆ, ಹಾಗಾಗಿ ಹಿಂಡಿದ ರಸವನ್ನು ಗಂಟೆಗಟ್ಟಲೆ ತೆರೆದಿಟ್ಟು ಆಮೇಲೆ "ಬಿಸಿ ಮಾಡಲಿಲ್ಲ" ಎಂದು ಸಮಾಧಾನ ಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಕಿತ್ತಳೆ, ದ್ರಾಕ್ಷಿ, ದಾಳಿಂಬೆ, ಸೇಬಿನ ರಸಗಳಲ್ಲಿ ಜೆಲಾಟಿನ್ ಕೆಡಿಸುವ ಕಿಣ್ವದ ಕಾಟವಿಲ್ಲದಿರುವುದರಿಂದ, ಅವುಗಳಿಗೆ ಒಂದು ಉಪಾಯ ಮಾಡಬಹುದು. ರಸದ ಕಾಲು ಭಾಗವನ್ನು ತಣ್ಣಗಿರುವಾಗಲೇ ಅಗಲವಾದ ಬಟ್ಟಲಿಗೆ ಹಾಕಿ, ಅದರ ಮೇಲೆ ಪುಡಿಯನ್ನು ಎಲ್ಲ ಕಡೆಗೂ ಉದುರಿಸಿ 5ರಿಂದ 10 ನಿಮಿಷ ಬಿಡಿ. ಪುಡಿ ರಸವನ್ನು ಹೀರಿಕೊಂಡು, ಮೇಲ್ಮೈ ಸುಕ್ಕುಗಟ್ಟಿದ ದಪ್ಪ ಮುದ್ದೆಯಾಗುತ್ತದೆ. ಆ ಭಾಗವನ್ನು ಮಾತ್ರ ಸಣ್ಣ ಉರಿಯಲ್ಲಿ, ಕುದಿಯಲು ಬಿಡದೆ, ಬೆರಳುಗಳ ನಡುವೆ ಉಜ್ಜಿದರೆ ಒಂದು ಹರಳೂ ತಾಗದಷ್ಟು ಕರಗಿಸಿ, ಉಳಿದ ಮುಕ್ಕಾಲು ಭಾಗವನ್ನು ಬಿಸಿ ಮಾಡದೆ ಸೇರಿಸಿದರಾಯಿತು. ರಸ ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಾಗಿರಬಾರದು, ಅಷ್ಟೇ. ಒಣ ಪುಡಿಯನ್ನು ನೇರವಾಗಿ ಬಿಸಿನೀರಿಗೆ ಹಾಕಿದರೆ ಹೊರಗೆ ಅಂಟು, ಒಳಗೆ ಒಣ ಹಿಟ್ಟು ಇರುವ ಗಂಟುಗಳಾಗುತ್ತವೆ. ಈ ಸಂದೇಶ ಹೇಳಿಕೊಡುತ್ತಿರುವುದು ಅದನ್ನೇ.

ಅಣ್ಣ: ಅಳತೆಯ ವಿಷಯ ಯಾರೂ ಎತ್ತಲಿಲ್ಲವಲ್ಲ. ಒಂದು ಟೀ ಚಮಚವೆಂದರೆ ಸುಮಾರು 3 ಗ್ರಾಂ. ಒಂದು ದೊಡ್ಡ ಲೋಟ, ಅಂದರೆ 250 ಮಿಲಿಲೀಟರ್ ರಸಕ್ಕೆ 3 ಗ್ರಾಂ ಹಾಕಿದರೆ ಮೆತ್ತನೆಯ ಜೆಲ್ಲಿಯಷ್ಟೇ ಆಗುತ್ತದೆ. ಹಲ್ಲಿಗೆ ಸಿಕ್ಕಿ ಎಳೆದುಕೊಂಡು ಬರುವ ಗಮ್ಮಿ ಬೇಕಾದರೆ 25 ಗ್ರಾಂ ಆದರೂ ಬೇಕು. ಚಿತ್ರದಲ್ಲಿ ತೋರಿಸಿರುವ ಕರಡಿ ಮರಿಗಳು ಆ ಒಂದು ಚಮಚದಲ್ಲಿ ನಿಂತಿರಲು ಸಾಧ್ಯವೇ ಇಲ್ಲ; ಅವು ಕಾರ್ಖಾನೆಯ ಗಮ್ಮಿಗಳೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮಾವ: ನೀವೆಲ್ಲರೂ ಒಂದು ಮುಖ್ಯ ವಿಷಯವನ್ನು ಬಿಟ್ಟು ಮಾತನಾಡುತ್ತಿದ್ದೀರಿ. ಜೆಲಾಟಿನ್ ತಯಾರಾಗುವುದು ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ. ಈ ಗುಂಪಿನಲ್ಲಿ ಸಸ್ಯಾಹಾರಿಗಳೂ ಇದ್ದಾರೆ. ಅವರಿಗೆ ಆ ಒಂದು ಸಾಲನ್ನೂ ಬರೆಯದೆ "ಎಲ್ಲರಿಗೂ ಕಳುಹಿಸಿ" ಎನ್ನುವುದು ಸರಿಯಲ್ಲ. ಕೆಂಪು ಕಡಲಪಾಚಿಯಿಂದ ತೆಗೆಯುವ ಅಗರ್ ಅಗರ್ ಇರುವಾಗ ಜೆಲಾಟಿನ್ನಿನ ಹಂಗೇಕೆ? ಅಗರ್ ಪ್ರೋಟೀನ್ ಅಲ್ಲವಾದ್ದರಿಂದ ಅನಾನಸ್ಸಿನ ಕಿಣ್ವ ಅದನ್ನು ಮುಟ್ಟುವುದೂ ಇಲ್ಲ. ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನಾದ್ದರಿಂದ ಒಂದು ಹಳೆಯ ಸಂಗತಿಯನ್ನು ಹೇಳಿಬಿಡುತ್ತೇನೆ. ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಮೊದಲು ಜೆಲಾಟಿನ್ ಬಳಸುತ್ತಿದ್ದರು, ಆದರೆ 37 ಡಿಗ್ರಿಯ ಶಾಖದಲ್ಲಿ ಅದು ಕರಗಿ ನೀರಾಗುತ್ತಿತ್ತು, ಕೆಲವು ಬ್ಯಾಕ್ಟೀರಿಯಾಗಳಂತೂ ಅದನ್ನೇ ತಿಂದು ಮುಗಿಸುತ್ತಿದ್ದವು. 1881ರಲ್ಲಿ, ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯವರ ಪತ್ನಿ ಫ್ಯಾನಿ ಹೆಸ್ಸೆ, ಅಡುಗೆಮನೆಯಲ್ಲಿ ಜೆಲ್ಲಿ ಮಾಡಲು ತಾವು ಬಳಸುತ್ತಿದ್ದ ಅಗರ್ ಹಾಕಿ ನೋಡಿ ಎಂದು ಸೂಚಿಸಿದರು. ಇಂದಿಗೂ ಪ್ರಯೋಗಾಲಯಗಳು ನಡೆಯುತ್ತಿರುವುದು ಅದರ ಮೇಲೆಯೇ.

ಅಣ್ಣ: ಮಾವ, ಇತಿಹಾಸ ಸೊಗಸಾಗಿದೆ, ಆದರೆ ಬಾಯಿಗೆ ಬೇಕಾದದ್ದು ಬೇರೆ. ಅಗರ್ ಸುಮಾರು 85 ಡಿಗ್ರಿಯವರೆಗೂ ಕರಗುವುದಿಲ್ಲ, ಅಂದರೆ ಬಾಯಲ್ಲಿ ಕರಗುವ ಪ್ರಶ್ನೆಯೇ ಇಲ್ಲ. ಕಚ್ಚಿದರೆ ಎಳೆಯುವುದಿಲ್ಲ, ಫಳಕ್ಕನೆ ತುಂಡಾಗಿ ಪುಡಿಪುಡಿಯಾಗುತ್ತದೆ. ಜೆಲಾಟಿನ್ ಮೈಯ ಶಾಖಕ್ಕೆ ಕರಗುವುದರಿಂದಲೇ ಅಗಿಯುತ್ತಾ ಹೋದಂತೆ ಅದರೊಳಗಿನ ರಸ ಸ್ವಲ್ಪ ಸ್ವಲ್ಪವಾಗಿ ನಾಲಿಗೆಗೆ ಸಿಗುತ್ತದೆ. ಅಗರ್ ಹಾಕಿ ಮಾಡಿದ್ದು ಒಳ್ಳೆಯ ತಿಂಡಿಯೇ ಇರಬಹುದು, ಆದರೆ ಗಮ್ಮಿ ಬೇಕೆಂದು ಹಟ ಹಿಡಿದ ಮಗುವಿನ ಕೈಗೆ ಅದನ್ನು ಕೊಟ್ಟು ನೋಡಿ.

ಮಾವ: ಬಾಯಲ್ಲಿ ಕರಗುವ ಪದಾರ್ಥ, ಸೆಕೆಯ ದಿನ ಮೇಜಿನ ಮೇಲೂ ಕರಗುತ್ತದೆ ಎಂಬುದನ್ನು ಮರೆಯಬೇಡ. ಅಗರ್ ಕೋಣೆಯ ಶಾಖದಲ್ಲೇ ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟುತ್ತದೆ, ಹಾಗೆಯೇ ನಿಲ್ಲುತ್ತದೆ.

ಅತ್ತಿಗೆ: ನಾನು ಅಗರ್ ಹಾಕಿಯೂ ಮಾಡಿದ್ದೇನೆ. ನಿಂಬೆ ರಸ ಸೇರಿಸಿದ್ದಕ್ಕೋ ಏನೋ, ಅದು ಮೆದುವಾಗಿಯೇ ಉಳಿಯಿತು.

ನಾನು: ಹುಳಿಯಾದ ರಸದಲ್ಲೇ ಅಗರ್ ಕುದಿಸಿದರೆ ಆಮ್ಲ ಅದರ ಎಳೆಗಳನ್ನು ತುಂಡರಿಸಿ ದುರ್ಬಲಗೊಳಿಸುತ್ತದೆ. ಅಗರನ್ನು ನೀರಿನಲ್ಲಿ ಪ್ರತ್ಯೇಕವಾಗಿ ಕುದಿಸಬೇಕು: 100 ಮಿಲಿಲೀಟರ್ ನೀರಿಗೆ 4ರಿಂದ 5 ಗ್ರಾಂ ಪುಡಿ ಹಾಕಿ, ಎರಡು ಮೂರು ನಿಮಿಷ ಕದಡುತ್ತಾ ಕುದಿಸಿ, ಉರಿ ಆರಿಸಿದ ಮೇಲೆ 150 ಮಿಲಿಲೀಟರ್ ಉಗುರುಬೆಚ್ಚಗಿನ ರಸವನ್ನು ಸೇರಿಸಬೇಕು. ಅಗರ್ 40 ಡಿಗ್ರಿಯ ಕೆಳಗೆ ಇಳಿಯುತ್ತಿದ್ದಂತೆ ಕಟ್ಟಿಕೊಳ್ಳುವುದರಿಂದ, ತಣ್ಣನೆಯ ರಸ ಸುರಿದರೆ ಪಾತ್ರೆಯಲ್ಲೇ ಎಳೆ ಎಳೆಯಾಗಿ ಗಡ್ಡೆ ಕಟ್ಟುತ್ತದೆ. ನಿಂಬೆ ರಸ ಬೇಕೆನಿಸಿದರೆ ಎಲ್ಲಕ್ಕಿಂತ ಕೊನೆಗೆ. ಗಮ್ಮಿಯ ಎಳೆತದ ವಿಷಯದಲ್ಲಿ ಮಾತ್ರ ನಾನು ಅಣ್ಣನ ಪಕ್ಷ.

ಚಿಕ್ಕಮ್ಮ: ಆಯಿತು, ಅಳತೆ ತಪ್ಪಿದೆ, ಹಣ್ಣಿನ ವಿಷಯ ತಪ್ಪಿದೆ, ಒಪ್ಪಿಕೊಂಡೆ. ಆದರೆ ಸಕ್ಕರೆ ಇಲ್ಲ, ಬಣ್ಣ ಇಲ್ಲ ಎಂಬುದು ಸುಳ್ಳೇ? ಅದಕ್ಕಿಂತ ದೊಡ್ಡ ಲಾಭ ಏನಿದೆ?

ನಾನು: ಬಣ್ಣ ಇಲ್ಲ ಎಂಬುದು ನಿಜ, ಅದು ಲಾಭವೂ ಹೌದು. ಸಕ್ಕರೆ ಇಲ್ಲ ಎಂಬುದು ನಿಜವಲ್ಲ. ಹೊರಗಿನಿಂದ ಹಾಕಿಲ್ಲ ಎಂಬುದಷ್ಟೇ ನಿಜ. 250 ಮಿಲಿಲೀಟರ್ ಕಿತ್ತಳೆ ರಸದಲ್ಲಿ ಸುಮಾರು 20 ಗ್ರಾಂ ಸಕ್ಕರೆ, ಅಂದರೆ ಐದು ಟೀ ಚಮಚದಷ್ಟು, ಆಗಲೇ ಇರುತ್ತದೆ. ದ್ರಾಕ್ಷಿ ರಸದಲ್ಲಿ ಇನ್ನೂ ಹೆಚ್ಚು. ರುಚಿ ಗಾಢವಾಗಲೆಂದು ಅರ್ಧ ಲೀಟರ್ ರಸವನ್ನು ಕಾಲು ಲೀಟರಿಗೆ ಇಂಗಿಸಿದರೆ, ಅದೇ ತಟ್ಟೆಯಲ್ಲಿ ಸಕ್ಕರೆಯೂ ಇಮ್ಮಡಿಯಾಯಿತು. ಹಣ್ಣನ್ನು ಇಡಿಯಾಗಿ ತಿಂದಾಗ ನಾರು ಜೊತೆಗಿರುತ್ತದೆ. ರಸ ಹಿಂಡಿ ಸೋಸಿದಾಗ ಆ ನಾರಿನ ಬಹುಪಾಲು ಜರಡಿಯಲ್ಲೇ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನು ಜೇನುತುಪ್ಪ, ಪಾಕಗಳ ಸಾಲಿಗೇ ಸೇರಿಸಿದೆ, ದಿನದ ಒಟ್ಟು ಶಕ್ತಿಯಲ್ಲಿ ಅವುಗಳ ಪಾಲು ಶೇಕಡಾ 10ಕ್ಕಿಂತ ಕಡಿಮೆ ಇರಬೇಕು ಎಂದಿದೆ. ಇಡಿಯಾದ ಹಣ್ಣಿನೊಳಗಿನ ಸಕ್ಕರೆ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ "ಹಣ್ಣು ತಿಂದಷ್ಟೇ ಒಳ್ಳೆಯದು" ಎಂಬ ಸಾಲನ್ನು ನಾನಂತೂ ಯಾರಿಗೂ ಕಳುಹಿಸಲಾರೆ. ಇದು ಮಿಠಾಯಿ, ನಮ್ಮ ಕೈಯಾರೆ ಮಾಡಿದ ಒಳ್ಳೆಯ ಮಿಠಾಯಿ, ಹಾಗೆಂದೇ ಹೇಳಿ ಕೊಡೋಣ. ಇನ್ನು ಪ್ರೋಟೀನಿನ ಮಾತು: ಒಂದು ಗಮ್ಮಿ 4 ಗ್ರಾಂ ತೂಗಿದರೆ ಅದರಲ್ಲಿ ಪ್ರೋಟೀನ್ ಗ್ರಾಮಿನ ಮೂರನೇ ಒಂದು ಭಾಗದಷ್ಟು. ಅದರಲ್ಲೂ ದೇಹಕ್ಕೆ ಅತ್ಯಗತ್ಯವಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಜೆಲಾಟಿನ್ನಿನಲ್ಲಿ ಇಲ್ಲವೇ ಇಲ್ಲ.

ಅಣ್ಣ: ಒಂದು ತಿಂಗಳಿಡುವ ಸಾಲನ್ನು ಮೊದಲು ಅಳಿಸಿ. ಉಳಿದವೆಲ್ಲ ಹೊಗಳಿಕೆ, ಅದೊಂದು ಅಪಾಯ. ಕಾರ್ಖಾನೆಯ ಗಮ್ಮಿ ಹೊರಗಿದ್ದೂ ಕೆಡದಿರುವುದು ಡಬ್ಬಿಯ ಮಹಿಮೆಯಿಂದಲ್ಲ. ಸಕ್ಕರೆ ಮತ್ತು ಗ್ಲೂಕೋಸ್ ಪಾಕವನ್ನು ಇಂಗಿಸಿ, ಪಿಷ್ಟದ ಅಚ್ಚುಗಳಲ್ಲಿ ಒಣಗಿಸಿ, ನೂರಕ್ಕೆ 20ರ ಆಸುಪಾಸು ನೀರು ಉಳಿಯುವಂತೆ ಅದನ್ನು ಮಾಡಿರುತ್ತಾರೆ. ಆ ನೀರನ್ನೂ ಸಕ್ಕರೆ ಹಿಡಿದಿಟ್ಟುಕೊಂಡಿರುವುದರಿಂದ ಬೂಷ್ಟಿಗೆ ದಕ್ಕುವುದಿಲ್ಲ. ನಮ್ಮ ರಸದ ಗಮ್ಮಿಯಲ್ಲಿ ನೂರಕ್ಕೆ 80 ಪಾಲು ನೀರೇ. ಮಾವ ಹೇಳಿದ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೂ ಇದಕ್ಕೂ ಅಷ್ಟೇನೂ ಅಂತರವಿಲ್ಲ.

ಅತ್ತಿಗೆ: ಚಿತ್ರದಲ್ಲಿರುವಂತೆ ಮೇಲೆ ಸಕ್ಕರೆ ಹೊರಳಿಸಿದರೂ ಅದು ನಿಲ್ಲುವುದಿಲ್ಲ. ಕಿತ್ತಳೆಯದಕ್ಕೆ ನಾನು ಹಾಗೆ ಮಾಡಿ ಮುಚ್ಚಿಟ್ಟಿದ್ದೆ. ಸಕ್ಕರೆ ಒಳಗಿನ ನೀರನ್ನೆಲ್ಲ ಹೊರಗೆಳೆದುಕೊಂಡು, ಬೆಳಗಾಗುವಷ್ಟರಲ್ಲಿ ಒಂದೊಂದು ತುಂಡೂ ಅಂಟು ಪಾಕದ ಸಣ್ಣ ಮಡುವಿನಲ್ಲಿ ಕುಳಿತಿತ್ತು.

ನಾನು: ಫ್ರಿಜ್ಜಿನಲ್ಲಿ, ಮುಚ್ಚಿದ ಪಾತ್ರೆಯಲ್ಲಿ, ಹೆಚ್ಚೆಂದರೆ ಒಂದು ವಾರ. ಫ್ರೀಜರಿನಲ್ಲಿ ಇಟ್ಟು ದಿನ ಹೆಚ್ಚಿಸುವ ಯೋಚನೆಯೂ ಬೇಡ, ಮಂಜುಗಡ್ಡೆಯಾಗಿ ಕರಗಿದ ಮೇಲೆ ಬಲೆ ಹರಿದು ನೀರು ಒಸರುತ್ತದೆ. ಹೆಚ್ಚು ದಿನ ಇಡಲೇಬೇಕು ಎನ್ನುವವರು ಪೆಕ್ಟಿನ್ (ಹಣ್ಣುಗಳಿಂದ ತೆಗೆಯುವ, ಜಾಮ್ ಗಟ್ಟಿಯಾಗಿಸುವ ಪದಾರ್ಥ) ದಾರಿ ಹಿಡಿಯಬೇಕಾಗುತ್ತದೆ. ಅದಾದರೆ ಧಾರಾಳವಾಗಿ ಸಕ್ಕರೆ ಮತ್ತು ಹುಳಿ ಎರಡನ್ನೂ ಕೇಳುತ್ತದೆ, ಆಗ ಚಿಕ್ಕಮ್ಮನ "ಸಕ್ಕರೆ ಇಲ್ಲ" ಎಂಬ ಮಾತು ಪೂರ್ತಿ ಹೋಯಿತು.

ತಂಗಿ: ಇಷ್ಟು ಹೊತ್ತು ಓದುತ್ತಿದ್ದೆ. ನನ್ನ ಮಗಳಿಗೆ ಇನ್ನೂ ಎರಡು ವರ್ಷ. ಜೆಲಾಟಿನ್ ಹಾಕಬೇಕೋ ಅಗರ್ ಹಾಕಬೇಕೋ, ಒಂದು ಮಾತಿನಲ್ಲಿ ಹೇಳಿ.

ಮಾವ: ಎರಡೂ ಬೇಡ. ನಾಲ್ಕು ವರ್ಷ ತುಂಬುವವರೆಗೆ ಜಿಗುಟಾದ, ಗಂಟಲಿನ ಅಳತೆಗೆ ಸರಿಯಾಗಿ ಕೂರುವ ಯಾವ ಗಮ್ಮಿಯನ್ನೂ ಕೊಡಬಾರದು, ಉಸಿರುಗಟ್ಟುವ ಅಪಾಯವಿದೆ. ಬಾಯಲ್ಲಿ ಕರಗದ ಅಗರ್ ಈ ವಿಷಯದಲ್ಲಿ ಜೆಲಾಟಿನ್ನಿಗಿಂತ ಸುರಕ್ಷಿತ ಎಂದು ನಾನು ಹೇಳಲಾರೆ. ಕೊಂಜಾಕ್ ಗೆಡ್ಡೆಯ ಪುಡಿಯಿಂದ ಮಾಡಿದ ಪುಟ್ಟ ಬಟ್ಟಲಿನ ಜೆಲ್ಲಿಗಳು ಮಕ್ಕಳ ಗಂಟಲಿನಲ್ಲಿ ಸಿಕ್ಕಿ ಸಾವುಗಳಾಗಿ, ಹಲವು ದೇಶಗಳು ಅವುಗಳನ್ನು ತಡೆದಿವೆ. ರಸಕ್ಕೆ ಜೇನುತುಪ್ಪ ಬೆರೆಸುವವರು ಒಂದು ವರ್ಷದೊಳಗಿನ ಕೂಸಿನ ಬಾಯಿಗೆ ಅದನ್ನು ತೋರಿಸಲೂಬಾರದು, ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು.

ತಂಗಿ: ಹಾಗಾದರೆ ಅವಳಿಗೆ ಕಿತ್ತಳೆಯ ತೊಳೆಯನ್ನೇ ಬೀಜ ತೆಗೆದು, ಚಿಕ್ಕದಾಗಿ ಕತ್ತರಿಸಿ ಕೊಡುತ್ತೇನೆ.

ಚಿಕ್ಕಮ್ಮ: ನಾನು ತಿದ್ದಿ ಬರೆದಿದ್ದೇನೆ, ನೋಡಿ ಹೇಳಿ. "ಆರೋಗ್ಯಕರ ಗಮ್ಮಿ: 250 ಮಿಲಿಲೀಟರ್ ಕಿತ್ತಳೆ ಅಥವಾ ದಾಳಿಂಬೆ ರಸ, 25 ಗ್ರಾಂ ಜೆಲಾಟಿನ್ (ಇದು ಪ್ರಾಣಿಜನ್ಯ). ಕಾಲು ಭಾಗ ತಣ್ಣನೆಯ ರಸದಲ್ಲಿ ಪುಡಿಯನ್ನು ನೆನೆಸಿ, ಕುದಿಸದೆ ಕರಗಿಸಿ, ಉಳಿದ ರಸ ಸೇರಿಸಿ. ಅನಾನಸ್, ಪರಂಗಿ, ಕಿವಿ, ಅಂಜೂರ, ಶುಂಠಿಯಾದರೆ ರಸವನ್ನು ಮೊದಲು ಕುದಿಸಿಕೊಳ್ಳಿ. ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೇಡ." ಆದರೆ "ಆರೋಗ್ಯಕರ" ಎಂಬ ಪದವನ್ನು ನಾನು ತೆಗೆಯುವುದಿಲ್ಲ, ಬಣ್ಣ ಹಾಕಿದ್ದಕ್ಕಿಂತ ಇದು ಮೇಲು.

ಅಣ್ಣ: ಯಾವುದಕ್ಕಿಂತ ಮೇಲು ಎಂಬುದನ್ನೂ ಸೇರಿಸಿ ಬರೆದರೆ ನನ್ನ ಆಕ್ಷೇಪವಿಲ್ಲ.

ನಾನು: ಸೋಸದೆ, ತಿರುಳನ್ನೂ ನುಣ್ಣಗೆ ಅರೆದು ಸೇರಿಸಿದರೆ ಒಂದಿಷ್ಟು ನಾರಾದರೂ ಉಳಿಯುತ್ತದೆ. ಆ ಸಾಲನ್ನು ಸೇರಿಸಿದರೆ ನಾನೂ ಒಪ್ಪುತ್ತೇನೆ.

ಅತ್ತಿಗೆ: ಸೋಸದಿದ್ದರೆ ಗಮ್ಮಿ ಮಬ್ಬಾಗಿ ಕಾಣುತ್ತದೆ, ಮಕ್ಕಳು ಮುಟ್ಟುವುದಿಲ್ಲ.

ನಾನು: ಹಾಗಾದರೆ ಅರ್ಧ ಸೋಸಿ.

ಚಿಕ್ಕಮ್ಮ: ಅರ್ಧ ಸೋಸುವುದು ಹೇಗೆ ಎಂಬುದನ್ನು ನೀನೇ ಬರೆದು ಕಳುಹಿಸು. ನಾನು ಇದನ್ನು ಈಗಲೇ ಆ ಇನ್ನೊಂದು ಗುಂಪಿಗೆ ಹಾಕುತ್ತಿದ್ದೇನೆ.