ತಮ್ಮ ಜೈಲಿನಿಂದ ಬರುತ್ತಿದ್ದಾನೆ, ಮತ್ತೆ ಒಳಗೆ ಹೋಗದ ಹಾಗೆ ಏನು ಮಾಡಬಹುದು?

ನೀಲಿಛತ್ರಿ:
ನನ್ನ ತಮ್ಮ ಮುಂದಿನ ತಿಂಗಳು ಬಿಡುಗಡೆ ಆಗುತ್ತಾನೆ. ವಯಸ್ಸು 26. ಕಳ್ಳತನದ ಕೇಸು, ಇದು ಎರಡನೇ ಸಲ. ಹಿಂದೆ ಬಂದಾಗ ಮನೆಯವರೆಲ್ಲ ಕೂರಿಸಿಕೊಂಡು ಬುದ್ಧಿ ಹೇಳಿದೆವು. ಅವನೂ ಅತ್ತ, ಆಣೆ ಮಾಡಿದ. ವರ್ಷ ಕೂಡ ತಡೆಯಲಿಲ್ಲ. ಈಗ ಮನೆಯಲ್ಲಿ ತಲೆಗೊಂದು ಮಾತು. ಅಪ್ಪ, ಬಾಗಿಲೇ ತೆಗೆಯಬೇಡಿ ಅನ್ನುತ್ತಾರೆ. ಅಮ್ಮನಿಗೆ ಚೆನ್ನಾಗಿ ಹೆದರಿಸಿ ಇಟ್ಟುಕೊಳ್ಳಬೇಕು ಅಂತ. ಚಿಕ್ಕಪ್ಪನದ್ದು ಮದುವೆ ಮಾಡಿಬಿಡಿ, ತಾನಾಗಿಯೇ ಸರಿಹೋಗುತ್ತಾನೆ ಅಂತ. ನಿಜಕ್ಕೂ ಯಾವುದರಿಂದ ಉಪಯೋಗ? ಗೊತ್ತಿದ್ದವರು ಹೇಳಿ. ಉಪದೇಶ ಮಾತ್ರ ಬೇಡ, ನೆಂಟರು ಸಾಕಷ್ಟು ಕೊಟ್ಟಿದ್ದಾರೆ.

ಹಳೇಮೇಷ್ಟ್ರು:
ತುಂಬಾ ವರ್ಷ ಜೈಲಿನಲ್ಲಿ ಓದು ಬರಹ ಹೇಳಿಕೊಟ್ಟವನು ನಾನು. ಬಿಡುಗಡೆ ಆದವನು ತಿರುಗಿ ಬಂದು ಅದೇ ಬೆಂಚಿನ ಮೇಲೆ ಕೂತರೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: "ಹೊರಗೆ ಹೋದ ದಿನ ರಾತ್ರಿ ಎಲ್ಲಿ ಮಲಗಿದೆಯಪ್ಪಾ?" ಉತ್ತರ ಹೆಚ್ಚು ಕಡಿಮೆ ಒಂದೇ. ಹಳೇ ಸ್ನೇಹಿತನ ರೂಮು.

ಗೇಟಿನಲ್ಲಿ ಒಂದು ಚೀಲ ಕೈಗೆ ಕೊಡುತ್ತಾರೆ. ಒಳಗೆ ಬಂದ ದಿನ ಜೇಬಿನಲ್ಲಿ ಇದ್ದದ್ದೆಲ್ಲ ಅದರಲ್ಲಿ ಇರುತ್ತದೆ. ಚಾರ್ಜ್ ಇಲ್ಲದ ಫೋನು, ಬಂದ್ ಆಗಿರುವ ಸಿಮ್ಮು, ಯಾವತ್ತೋ ಬಿಟ್ಟ ಬಾಡಿಗೆ ಮನೆಯ ಬೀಗದ ಕೈ. ಆ ಫೋನು ಹೇಗೋ ಆನ್ ಆಯಿತು ಅಂತಲೇ ಇಟ್ಟುಕೊಳ್ಳಿ. ಅದರಲ್ಲಿ ಯಾರ ನಂಬರು ಇರುತ್ತದೆ? ಜೊತೆಗೆ ಕದಿಯಲು ಹೋದವರದ್ದೇ ಅಲ್ವಾ?

ಅದಕ್ಕೇ ಅಮ್ಮಾ, ಬುದ್ಧಿಮಾತು ಆಮೇಲೆ. ಮೊದಲು ಆ ಮೊದಲ ರಾತ್ರಿ ಎಲ್ಲಿ ಅಂತ ಗೊತ್ತು ಮಾಡಿ. ಗೇಟಿನ ಹೊರಗೆ ನೀವೇ ನಿಂತಿರಿ, ಅವನಾಗಿ ಬರಲಿ ಅಂತ ಕಾಯಬೇಡಿ. ಹೊಸ ಸಿಮ್ಮು ತೆಗೆದಿಡಿ. ಗುರುತಿನ ಚೀಟಿ, ಬ್ಯಾಂಕ್ ಖಾತೆ ಚಾಲ್ತಿಯಲ್ಲಿ ಇದೆಯಾ ಅಂತ ಈಗಲೇ ನೋಡಿ. ಚೀಟಿ ಇಲ್ಲದಿದ್ದರೆ ಕೆಲಸ ಇಲ್ಲ, ಕೆಲಸ ಇಲ್ಲದಿದ್ದರೆ ರೂಮು ಇಲ್ಲ. ವಾರದ ಯಾವ ದಿನ ಬಿಡುತ್ತಾರೆ ಅಂತಲೂ ಕೇಳಿಕೊಳ್ಳಿ. ಇಂಗ್ಲೆಂಡಿನಲ್ಲಿ ಶುಕ್ರವಾರ ಬಿಟ್ಟವರಿಗೆ ಆಫೀಸುಗಳೆಲ್ಲ ಮುಚ್ಚಿ, ಸೋಮವಾರದವರೆಗೆ ಮನೆಯೂ ಇಲ್ಲ, ಔಷಧಿಯೂ ಇಲ್ಲ ಅನ್ನುವ ಪರಿಸ್ಥಿತಿ ಆಗುತ್ತಿತ್ತು. ಅಂಥವರನ್ನು ಒಂದೆರಡು ದಿನ ಮೊದಲೇ ಬಿಡಬಹುದು ಅಂತ 2023ರಲ್ಲಿ ಕಾನೂನೇ ಮಾಡಿದರು.

ಮೊದಲ ದಿನಗಳಿಗೆ ಯಾಕೆ ಇಷ್ಟು ಒತ್ತು ಅಂದರೆ, ಅಮೆರಿಕದ 30 ರಾಜ್ಯಗಳಲ್ಲಿ 2005ರಲ್ಲಿ ಬಿಡುಗಡೆ ಆದವರ ಮೇಲೆ 9 ವರ್ಷ ಕಣ್ಣಿಟ್ಟಿದ್ದರು. ಮೊದಲ ವರ್ಷದಲ್ಲೇ ನೂರಕ್ಕೆ 44 ಜನ ಮತ್ತೆ ಅರೆಸ್ಟ್ ಆದರು. ಒಂಬತ್ತನೇ ವರ್ಷದಲ್ಲಿ ಅರೆಸ್ಟ್ ಆದವರು 24.

ಇನ್ನು ನಿಮ್ಮ ಅಮ್ಮನ ಮಾತು. ಹೆದರಿಕೆಯಿಂದ ಆಗುವುದಿಲ್ಲ. 1970ರ ದಶಕದಲ್ಲಿ ನ್ಯೂಜೆರ್ಸಿಯ ರಾಹ್ವೇ ಜೈಲಿಗೆ ದಾರಿ ತಪ್ಪಿದ ಹುಡುಗರನ್ನು ಕರೆದುಕೊಂಡು ಹೋಗಿ, ಜೀವಾವಧಿ ಕೈದಿಗಳಿಂದ ಕೂಗಾಡಿಸಿ ಹೆದರಿಸುತ್ತಿದ್ದರು. ಆಮೇಲೆ ಇಂಥ ಕಾರ್ಯಕ್ರಮಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಸುಮ್ನೆ ಬಿಟ್ಟ ಹುಡುಗರಿಗಿಂತ ಹೆದರಿಸಿದ ಹುಡುಗರೇ ಜಾಸ್ತಿ ತಪ್ಪು ಮಾಡಿದ್ದರು!

ಮದುವೆ ವಿಷಯ ಒಂದೇ ಮಾತಿನಲ್ಲಿ: ಒಳ್ಳೆಯ ಸಂಸಾರ ಮನುಷ್ಯನನ್ನು ಹಿಡಿದು ನಿಲ್ಲಿಸುತ್ತದೆ, ನಿಜ. ಆದರೆ ಔಷಧಿ ಅಂತ ಇನ್ನೊಬ್ಬರ ಮಗಳನ್ನು ತರಬೇಡಿ.

ಅನುಮಾನರಾಯ:
ಇದೆಲ್ಲ ಸರಿ ಮೇಷ್ಟ್ರೇ. ಆದರೆ ಕೊನೆಗೆ ನಾರ್ವೆ ಕಥೆ ಬರುತ್ತದೆ, ಅಲ್ಲಿ ಜೈಲು ಹೋಟೆಲ್ ಇದ್ದ ಹಾಗೆ, ಯಾರೂ ತಿರುಗಿ ಬರುವುದಿಲ್ಲ ಅಂತ. ಅಲ್ಲಿಯೂ ಎರಡು ವರ್ಷದೊಳಗೆ ಸುಮಾರು ಐವರಲ್ಲಿ ಒಬ್ಬನಿಗೆ ಮತ್ತೆ ಶಿಕ್ಷೆ ಆಗುತ್ತದೆ. ಅದೂ ಅಲ್ಲದೆ ಒಂದು ದೇಶ ಶಿಕ್ಷೆ ಆದವರನ್ನು ಎಣಿಸುತ್ತದೆ, ಇನ್ನೊಂದು ಅರೆಸ್ಟ್ ಆದವರನ್ನು. ಆ ಎರಡನ್ನೂ ಅಕ್ಕಪಕ್ಕ ಇಟ್ಟು ಮಾತಾಡುವುದೇ ತಪ್ಪು. ಎಷ್ಟೇ ಸೌಕರ್ಯ ಕೊಟ್ಟರೂ ಕದಿಯುವವನು ಕದ್ದೇ ಕದಿಯುತ್ತಾನೆ.

ಹಳೇಮೇಷ್ಟ್ರು:
ಲೆಕ್ಕದ ಬಗ್ಗೆ ನೀವು ಹೇಳಿದ್ದನ್ನು ಒಪ್ಪಿದೆ. ಕೊನೆಯ ಸಾಲು ಒಪ್ಪುವುದಿಲ್ಲ. ವಯಸ್ಸು ಆಗುತ್ತಾ ಹೆಚ್ಚಿನವರು ತಾವಾಗಿಯೇ ಬಿಡುತ್ತಾರೆ, ಯಾವ ದೇಶದ ಅಂಕಿ ತೆಗೆದರೂ ಅದೇ ಕಾಣುತ್ತದೆ. ಅದು ಸ್ವಲ್ಪ ಬೇಗ ಆಗುವ ಹಾಗೆ ಮಾಡುವುದಷ್ಟೇ ನಮ್ಮ ಕೆಲಸ. ನನ್ನ ಕಸುಬನ್ನು ನಾನೇ ಹೊಗಳಬಾರದು, ಆದರೂ ಹೇಳುತ್ತೇನೆ. 2013ರಲ್ಲಿ ರ‍್ಯಾಂಡ್ ಅನ್ನುವ ಅಮೆರಿಕದ ಸಂಶೋಧನಾ ಸಂಸ್ಥೆ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತ್ತು. ಓದದ ನೂರು ಜನರಲ್ಲಿ ಎಷ್ಟು ಜನ ತಿರುಗಿ ಬರುತ್ತಾರೋ, ಒಳಗೆ ಓದಿದ ನೂರು ಜನರಲ್ಲಿ ಅದಕ್ಕಿಂತ ಸುಮಾರು 13 ಜನ ಕಡಿಮೆ.

ಒಳಗಿದ್ದವ:
ನಾನೂ ಒಳಗಿದ್ದು ಬಂದವನೇ. ಅಕ್ಕಾ, ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅವನಿಗೆ ಡ್ರಗ್ಸ್ ಅಭ್ಯಾಸ ಇತ್ತಾ? ಇದ್ದರೆ ಕಳ್ಳತನಕ್ಕಿಂತ ಮೊದಲು ಜೀವದ ಚಿಂತೆ ಮಾಡಿ. ಒಳಗಿದ್ದಾಗ ಮೈಗೆ ತಡೆದುಕೊಳ್ಳುವ ಶಕ್ತಿ ಹೋಗಿರುತ್ತದೆ. ಹೊರಗೆ ಬಂದು ಹಳೇ ಅಳತೆಯಲ್ಲೇ ತೆಗೆದುಕೊಂಡರೆ ಮುಗಿಯಿತು. ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆ ಆದವರ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಬಂದಿತ್ತು. ಮೊದಲ ಎರಡು ವಾರಗಳಲ್ಲಿ ಸಾಯುವ ಅಪಾಯ ಹೊರಗಿನವರಿಗಿಂತ 12.7 ಪಟ್ಟು ಜಾಸ್ತಿ. ಓವರ್‌ಡೋಸೇ ದೊಡ್ಡ ಕಾರಣ. ಬಿಡುಗಡೆಗೆ ಮೊದಲೇ ಡಾಕ್ಟರ ಹತ್ತಿರ ಮಾತಾಡಿ.

ನೀಲಿಛತ್ರಿ:
ಕೇಳಿದ್ದು ಒಳ್ಳೆಯದೇ ಆಯಿತು. ಹೌದು, ಇತ್ತು. ನಾಳೆಯೇ ಡಾಕ್ಟರನ್ನು ವಿಚಾರಿಸುತ್ತೇನೆ. ಮೇಷ್ಟ್ರೇ, ಮನೆಯಲ್ಲಿ ಅಪ್ಪ ಒಪ್ಪುವ ಹಾಗಿಲ್ಲ, ನನ್ನ ಮನೆಗೇ ಕರೆದುಕೊಂಡು ಬರುತ್ತೇನೆ. ಇನ್ನೊಂದು ಪ್ರಶ್ನೆ. ಕೆಲಸಕ್ಕೆ ಹೋದ ಕಡೆ ಜೈಲಿನ ವಿಷಯ ಮುಚ್ಚಿಡಬೇಕಾ, ಹೇಳಬೇಕಾ?

ಹಳೇಮೇಷ್ಟ್ರು:
ಕೇಳದಿದ್ದರೆ ತಾನಾಗಿ ಹೇಳಬೇಕಾಗಿಲ್ಲ. ಕೇಳಿದರೆ ಸುಳ್ಳು ಬೇಡ. ಸುಳ್ಳು ಹೇಳಿ ಸೇರಿದವನನ್ನು ಆಮೇಲೆ ತೆಗೆದಾಗ, ಕೇಸಿಗಿಂತ ಆ ಸುಳ್ಳೇ ನೆಪ ಆಗುತ್ತದೆ. ಹೇಳುವುದು ಎರಡೇ ಸಾಲು ಇರಲಿ: ಹೀಗಾಯಿತು, ಶಿಕ್ಷೆ ಮುಗಿಸಿದೆ. ಅಲ್ಲಿಗೆ ನಿಲ್ಲಿಸಿ, ಕೆಲಸದ ವಿಷಯಕ್ಕೆ ಬರಲಿ. ಗಾಬರಿಯಾದಾಗ ಇವರು ಇಡೀ ಪುರಾಣ ಬಿಚ್ಚುತ್ತಾರೆ, ಇಲ್ಲ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಮುಂದಿನ ಭೇಟಿಗೆ ಹೋದಾಗ ನೀವು ಮಾಲೀಕರಾಗಿ, ಅವನ ಕೈಯಲ್ಲಿ ಹೇಳಿಸಿ ನೋಡಿ.

ಈ ಕಳಂಕ ಯಾವತ್ತು ಹೋಗುತ್ತದೆ ಅಂತ ಅವನು ಕೇಳಿದರೆ ಒಂದು ಅಂದಾಜು ಇದೆ. ನ್ಯೂಯಾರ್ಕ್ ದಾಖಲೆಗಳನ್ನು ಇಟ್ಟುಕೊಂಡು 2009ರಲ್ಲಿ ಲೆಕ್ಕ ಹಾಕಿದ್ದರು. 18ನೇ ವಯಸ್ಸಿನಲ್ಲಿ ಮನೆಗಳ್ಳತನಕ್ಕೆ ಸಿಕ್ಕಿಬಿದ್ದವನು 3.8 ವರ್ಷ ಯಾವ ಕೇಸೂ ಇಲ್ಲದೆ ಕಳೆದರೆ, ಅವನಿಂದ ಇರುವ ಅಪಾಯ ಅದೇ ವಯಸ್ಸಿನ ಬೇರೆಯವರಷ್ಟೇ. ಅದು ಮೊದಲ ಸಲದವರ ಲೆಕ್ಕ, ನಿಮ್ಮ ತಮ್ಮನಿಗೆ ಇನ್ನೂ ಸ್ವಲ್ಪ ಜಾಸ್ತಿ ಹಿಡಿಯಬಹುದು. ಇದನ್ನು ನಿಮ್ಮ ಅಪ್ಪನಿಗೂ ಓದಿ ಹೇಳಿ.