ಸತ್ತ ಒಪೋಸಮ್ ಹೊಟ್ಟೇಲಿ ಹುಳ, ನಾಯಿ ಮೂಸಿಬಿಟ್ಟಿದೆ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ, ನಾವಿರೋದು ಅಮೆರಿಕದ ಅಟ್ಲಾಂಟಾ ಹತ್ರ. ನಿನ್ನೆ ಮನೆ ಮುಂದೆ ಒಂದು ಒಪೋಸಮ್ (ಕಾಂಗರೂ ಥರ ಹೊಟ್ಟೆ ಚೀಲದಲ್ಲಿ ಮರಿ ಸಾಕೋ, ಬೆಕ್ಕಿನಷ್ಟು ದೊಡ್ಡ ಇಲ್ಲಿನ ಕಾಡುಪ್ರಾಣಿ) ಕಾರಿಗೆ ಸಿಕ್ಕಿ ಸತ್ತಿತ್ತು, ಹೊಟ್ಟೆ ಒಡೆದು ಬೆಳ್ಳಗೆ ದಪ್ಪ ಶಾವಿಗೆ ಥರ ಹುಳ ಆಚೆ ಬಂದಿದ್ವು, ನಮ್ ಲ್ಯಾಬ್ರಡಾರ್ ಹೋಗಿ ಮೂಸೇಬಿಡ್ತು, ನೆಕ್ಕಿದ್ರೂ ನೆಕ್ಕಿರಬಹುದು. ಮನೇಲಿ ಸಣ್ಣ ಮಗು ಬೇರೆ ಇದೆ. ನಾಯಿಗೆ ಜಂತುಹುಳದ ಮಾತ್ರೆ ಕೊಟ್ಬಿಡ್ಲಾ?

ಡಾಕ್ಟರ್: ಗಾಬರಿ ಆಗ್ಬೇಡಿ ಮೇಡಂ, ಮಾತ್ರೆನೂ ನೀವೇ ಕೊಡ್ಬೇಡಿ. ಜಠರದಿಂದ ಬಂದ ದಪ್ಪ ಹುಳ ಅಂದ್ರೆ ಬಹುತೇಕ ಫೈಸಲಾಪ್ಟೆರಾ ಟರ್ಜಿಡಾ, ಒಪೋಸಮ್‌ಗಳಲ್ಲಿ ಮಾಮೂಲಿ. ಜಠರದ ಗೋಡೆಗೆ ತಲೆ ಕಚ್ಚಿಕೊಂಡು ಕೂತಿರುತ್ತೆ, ಕಿತ್ತ ಜಾಗದಲ್ಲಿ ಸಣ್ಣ ಹುಣ್ಣು ಕಾಣುತ್ತೆ. ಇದರ ಮೊಟ್ಟೆ ಹಿಕ್ಕೇಲಿ ಹೊರಗೆ ಬಂದು, ಅದನ್ನ ಜಿರಳೆನೋ ದುಂಬಿನೋ ತಿಂದು, ಆ ಕೀಟದೊಳಗೆ ಮರಿಹುಳ ಬೆಳೆದು, ಆಮೇಲೆ ಆ ಕೀಟಾನ ಇನ್ನೊಂದು ಪ್ರಾಣಿ ತಿಂದ್ರೇನೇ ಮುಂದಕ್ಕೆ ಹೋಗೋದು. ಹಂಗಾಗಿ ಮೂಸಿದ್ದಕ್ಕೆ, ನೆಕ್ಕಿದ್ದಕ್ಕೆ ಅಂಟಲ್ಲ. ನಾಯಿಗಳಲ್ಲಿ ಇದೇ ಕುಲದ ಬೇರೆ ಜಾತಿ ಬರುತ್ತೆ, ಅದೂ ಹಿಂಗೇ. ಪದೇಪದೇ ವಾಂತಿ ಮಾಡಿದ್ರೆ ಮಾತ್ರ ತೋರಿಸಿ, ಸ್ಟೂಲ್ ಟೆಸ್ಟಲ್ಲಿ ಈ ಮೊಟ್ಟೆ ಎಷ್ಟೋ ಸಲ ಸಿಗೋದೇ ಇಲ್ಲ.

ಹೆಣ ಇನ್ನೂ ಅಲ್ಲೇ ಇದ್ರೆ ಗ್ಲೌಸ್ ಹಾಕ್ಕೊಂಡು ಹೊಟ್ಟೆ ಮೇಲಿನ ಚೀಲ ಒಂದ್ಸಲ ನೋಡಿ, ತಾಯಿ ಸತ್ರೂ ಮರಿಗಳು ಜೀವಂತ ಇರಬಹುದು. ಮೊಲೆ ಕಚ್ಚಿರೋ ಮರೀನ ಎಳೀಬೇಡಿ, ಬಾಯಿಗೆ ಗಾಯ ಆಗುತ್ತೆ, ತಾಯಿ ಸಮೇತ, ಗಾಯಗೊಂಡ ಕಾಡುಪ್ರಾಣಿಗಳನ್ನ ನೋಡ್ಕೊಳ್ಳೋ ವೈಲ್ಡ್‌ಲೈಫ್ ರಿಹ್ಯಾಬ್‌ನವರಿಗೆ ಒಪ್ಪಿಸಿ.

ಇನ್ನೊಬ್ಬ ಸದಸ್ಯರು: ಸರ್, ನಮ್ ಹಿತ್ತಲಿಗೆ ಬರೋ ಒಪೋಸಮ್ ಬಾಯಿ ತೆಕ್ಕೊಂಡು ಕಷ್ಟಪಟ್ಟು ಉಸಿರಾಡ್ತಿದೆ, ರೇಬೀಸ್ ಇರಬಹುದಾ?

ಡಾಕ್ಟರ್: ಒಪೋಸಮ್‌ಗಳಲ್ಲಿ ರೇಬೀಸ್ ತೀರಾ ಅಪರೂಪ, ಎಲ್ರೂ ಮೊದಲು ಅದನ್ನೇ ಕೇಳ್ತಾರೆ ಅಷ್ಟೆ. ನನಗೆ ಅನುಮಾನ ಶ್ವಾಸಕೋಶದ ಹುಳದ ಮೇಲೆ, ಡೈಡೆಲ್ಫೋಸ್ಟ್ರಾಂಜಿಲಸ್ ಹೇಯೆಸಿ, 1976ರಲ್ಲಿ ಇದಕ್ಕೆ ಹೆಸರಿಟ್ರು. ಬಸವನಹುಳ, ಸ್ಲಗ್ ತಿಂದು ಬರೋದು. ದೊಡ್ಡ ಹುಳ ಉಸಿರಿನ ಕೊಳವೇಲೇ ವಾಸ, ಅದರ ಮರಿಗಳು ಕೆಮ್ಮಿನ ಜೊತೆ ಗಂಟಲಿಗೆ ಬಂದು, ಪ್ರಾಣಿ ಅದನ್ನೇ ನುಂಗಿ, ಹಿಕ್ಕೇಲಿ ಆಚೆ ಹೋಗ್ತವೆ. ಜಾಸ್ತಿ ಆದ್ರೆ ನ್ಯುಮೋನಿಯಾ. ರಿಹ್ಯಾಬ್‌ನವರಿಗೆ ಫೋನ್ ಮಾಡಿ, ನೀವು ಹಿಡಿಯಕ್ಕೆ ಹೋಗ್ಬೇಡಿ.

ನಿಜವಾಗಿ ತಲೆ ಕೆಡಿಸ್ಕೋಬೇಕಾದವರು ಕುದುರೆ ಸಾಕಿರೋರು. ಒಪೋಸಮ್ ಹಿಕ್ಕೇಲಿ ಬರೋ ಸಾರ್ಕೋಸಿಸ್ಟಿಸ್ ನ್ಯುರೋನಾ (ಇದು ಹುಳ ಅಲ್ಲ, ಒಂದೇ ಕೋಶದ ಜೀವಿ) ಮೇವಿಗೆ ಸೇರಿದ್ರೆ ಕುದುರೆಯ ಮೆದುಳು, ಬೆನ್ನುಹುರಿಗೇ ಏಟು, ನಡಿಗೆ ತಪ್ಪುತ್ತೆ. ಅಕ್ಕಪಕ್ಕ ಯಾರಾದ್ರೂ ಸಾಕಿದ್ರೆ ಮೇವಿನ ಡಬ್ಬಕ್ಕೆ ಬಿಗಿಯಾಗಿ ಮುಚ್ಚಳ ಹಾಕಕ್ಕೆ ಹೇಳಿ.