ಬಹುಮಾನ ಇಡದಿದ್ದರೆ ಜನ ಐಡಿಯಾ ಕೊಡ್ತಾರಾ? ಅನುಭವ ಇದ್ದವರು ಹೇಳಿ

ಪೊನ್ನಂಪೇಟೆಯಿಂದ, ಕೇಳಿದವರು:
ಕರಿಮೆಣಸು ಕೊಯ್ಯೋಕೆ ನಮ್ಮ ಕಡೆ ಅಲ್ಯೂಮಿನಿಯಂ ಏಣಿಯೇ ಜಾಸ್ತಿ. ಹಗುರ ಅಲ್ವಾ. ಆದರೆ ಅದು ಕರೆಂಟ್ ತಂತಿಗೆ ತಗುಲಿ ಕಾರ್ಮಿಕರು ಸತ್ತ ಸುದ್ದಿ ಓದುತ್ತಲೇ ಇದ್ದೇವೆ. ಬೆಳೆಗಾರರು, ವೆಲ್ಡಿಂಗ್‌ನವರು, ಕಾಲೇಜು ಹುಡುಗರು ಸೇರಿ ಅಪಾಯವಿಲ್ಲದ ಏಣಿ ಮಾಡಬೇಕು, ಅದರ ನಕ್ಷೆ ಯಾರು ಬೇಕಾದರೂ ಬಳಸುವಂತೆ ಬಿಡಬೇಕು ಅಂತ ಆಸೆ. ದುಡ್ಡಿಲ್ಲದೆ ಜನ ಬರ್ತಾರಾ?

ಗೋಣಿಕೊಪ್ಪದಿಂದ, ವರ್ಕ್‌ಶಾಪ್:
ಬರ್ತಾರೆ. ಆದರೆ ಬಂದವರಿಗೆ ಉತ್ತರ ಕೊಡಿ. ಒಂದು ಕಂಪನಿ ಸ್ಪರ್ಧೆ ಮಾಡಿತ್ತು, ಬಹುಮಾನ ದೊಡ್ಡದೇ. ರಾತ್ರಿ ಕೂತು ಡ್ರಾಯಿಂಗ್ ಮಾಡಿ ಕಳಿಸಿದೆ. ಹಾಂ ಇಲ್ಲ, ಹೂಂ ಇಲ್ಲ. ಬೇಡ ಅಂದಿದ್ದರೆ ಬೇಜಾರಿರಲಿಲ್ಲ, ಯಾಕೆ ಬೇಡ ಅಂತ ಒಂದು ಸಾಲು ಬರೆಯಬಹುದಿತ್ತು. ಅದೇ ನಾನು ಸುಮ್ನೆ ಹಂಚಿದ ಕಾಫಿ ಹರಡುವ ಹಲುಬೆಯ ಅಳತೆ ನೋಡಿ, ಸುಂಟಿಕೊಪ್ಪದ ಒಬ್ಬರು ಹಿಡಿಕೆ ಬಗ್ಗಿಸಿ ಫೋಟೋ ಕಳಿಸಿದರು. ‘ಇದು ನಿಮ್ಮದೇ, ಸ್ವಲ್ಪ ಬದಲಾಯಿಸಿದೆ’ ಅಂತ ಬರೆದಿದ್ದರು. ಆಮೇಲೆ ಇನ್ನೂ ಎರಡು ಡ್ರಾಯಿಂಗ್ ಹಾಕಿದೆ.

ಮಡಿಕೇರಿಯಿಂದ, ಸಾಫ್ಟ್‌ವೇರ್:
1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಅನ್ನೋ ಕಂಪ್ಯೂಟರ್ ವ್ಯವಸ್ಥೆ ಶುರು ಮಾಡಿದ್ದು ಹವ್ಯಾಸಕ್ಕೆ. ಕರೀಂ ಲಖಾನಿ ಮತ್ತು ರಾಬರ್ಟ್ ವುಲ್ಫ್ ಅನ್ನೋ ಸಂಶೋಧಕರು ಇಂಥ ಮುಕ್ತ ಸಾಫ್ಟ್‌ವೇರ್ (ಯಾರು ಬೇಕಾದರೂ ನೋಡಿ ಬದಲಾಯಿಸಬಹುದಾದದ್ದು) ಬರೆಯುವ 684 ಜನರನ್ನು ಯಾಕೆ ಬರೀತೀರಿ ಅಂತ ಕೇಳಿದ್ದರು. ಎಲ್ಲಕ್ಕಿಂತ ಮುಂದೆ ನಿಂತಿದ್ದು ಕೆಲಸದ ಖುಷಿ. ತಮಗೇ ಅದು ಬೇಕಿತ್ತು, ಕಲಿಯಬಹುದು ಅನ್ನೋದೂ ಇತ್ತು. ಹಾಗಂತ ದುಡ್ಡು ಬೇಡವೇ ಬೇಡ ಅನ್ನಲ್ಲ, ಅವರಲ್ಲಿ ಸುಮಾರು 40% ಜನರಿಗೆ ಆ ಕೆಲಸಕ್ಕೆ ಸಂಬಳ ಸಿಗ್ತಿತ್ತು. ಇನ್ನೊಂದು ಮಾತು, ನಿಮ್ಮ ಕ್ಷೇತ್ರದ ಹೊರಗಿನವರನ್ನೂ ಕರೆಯಿರಿ. ಚಳಿಗೆ ಗಟ್ಟಿಯಾಗುವ ಚೆಲ್ಲಿದ ತೈಲವನ್ನು ಪಂಪ್ ಮಾಡೋದು ಹೇಗೆ ಅಂತ ಅಲಾಸ್ಕಾದ ಒಂದು ಸಂಸ್ಥೆ, ಇಂಥ ಸಮಸ್ಯೆಗಳನ್ನು ಎಲ್ಲರ ಮುಂದಿಡುವ ಇನ್ನೊಸೆಂಟಿವ್ ಜಾಲತಾಣದ ಮೂಲಕ ಕೇಳಿ 20,000 ಡಾಲರ್ ಇಟ್ಟಿತ್ತು. 2007ರಲ್ಲಿ ಗೆದ್ದ ಜಾನ್ ಡೇವಿಸ್‌ಗೆ ಗೊತ್ತಿದ್ದದ್ದು ಕಾಂಕ್ರೀಟ್ ಕೆಲಸ. ಸ್ಲ್ಯಾಬ್ ಹಾಕುವಾಗ ಕಾಂಕ್ರೀಟ್ ನಡುಗಿಸಿ ಹರಿಯುವಂತೆ ಮಾಡೋಕೆ ಬಿಡ್ತಾರಲ್ಲ ವೈಬ್ರೇಟರ್, ಅದೇ ಉಪಾಯ!

ಸೋಮವಾರಪೇಟೆಯಿಂದ:
ಡಿಸೆಂಬರ್, ಜನವರಿಯಲ್ಲಂತೂ ಕೇಳಲೇಬೇಡಿ. ಕಾಫಿ ಕಣದಲ್ಲಿರುವಾಗ ಲಕ್ಷ ರೂಪಾಯಿ ಇಟ್ಟರೂ ಯಾರೂ ತಿರುಗಿ ನೋಡಲ್ಲ. ಜುಲೈ ಮಳೆಯಲ್ಲಿ ಕೇಳಿ. ಕರೆಂಟ್ ಇದ್ದರೆ ಉತ್ತರ ಬರುತ್ತೆ.

ಸಿದ್ದಾಪುರದಿಂದ:
ಅಣ್ಣಾ, ನಿಮ್ಮ ಪಟ್ಟಿಯಲ್ಲಿ ಏಣಿ ಹತ್ತುವವರೇ ಇಲ್ಲವಲ್ಲ? ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಒಂದೇ ಕೈಯಲ್ಲಿ ಕೊಯ್ಯುವವರು ಅವರು. ಏಣಿ ಎತ್ತಿ ಇನ್ನೊಂದು ಮರಕ್ಕೆ ಒಯ್ಯುವಾಗಲೇ ಅದು ವಾಲಿ ತಂತಿಗೆ ತಾಗೋದು. ಕರೆಂಟ್ ಹರಿಯದ ಫೈಬರ್ ಏಣಿ ತಂದರೆ ಭಾರ ಅಂತ ಮೂಲೆಗೆ ಹಾಕ್ತಾರೆ, ಅದನ್ನು ನಿಮಗೆ ಹೇಳೋರು ಅವರೇ. ನಮ್ಮಂಥವರಿಗೆ ಹೆಸರು, ಖುಷಿ ಸಾಕು. ದಿನಗೂಲಿಯವರು ಅರ್ಧ ದಿನ ಬಂದು ಕೂತರೆ ಅರ್ಧ ದಿನದ ಕೂಲಿ ಹೋಯ್ತು. ಬಹುಮಾನದ ದುಡ್ಡು ಇದ್ದರೆ ಅದನ್ನೇ ಅವರಿಗೆ ಕೂಲಿಯಾಗಿ ಕೊಡಿ. ಬರೆದು ಕಳಿಸಿ ಅನ್ನಬೇಡಿ, ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ.

ಕೇಳಿದವರು:
ಸಿದ್ದಾಪುರದ ಅಕ್ಕ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಬಹುಮಾನ ಬಿಟ್ಟೆ, ಕೂಲಿ ಕೊಡ್ತೇನೆ. ಗೋಣಿಕೊಪ್ಪದವರೇ, ಮೊದಲ ಸಭೆ ನಿಮ್ಮ ವರ್ಕ್‌ಶಾಪಲ್ಲೇ ಇಟ್ಟುಕೊಳ್ಳೋಣವಾ? ಸಂತೆ ದಿನ ಬೇಡ.